ಹಾಸು, ಹೊಕ್ಕು, ಅಂಚು: ತೆಳುವಸ್ತ್ರಗಳ ಅಂಚುಹೊಲಿಗೆಯನ್ನು ಕುರಿತು

ವಸ್ತ್ರಕ್ಕೆ ಒಡಲೊಂದಿರುವಂತೆ ಅಂಚೂ ಒಂದುಂಟು. ಒಡಲು ಸಂಪೂರ್ಣವಾಗಿ ನೇಕಾರನ ಸೃಷ್ಟಿ. ಅಂಚು ಕೆಲವೆಡೆ ನೇಕಾರನದು, ಕೆಲವೆಡೆ ಸಿಂಪಿಗನದು. ಈ ಅಂಚಿಗೆ ಕನ್ನಡವು ಕೊಟ್ಟಿರುವ ಹೆಸರುಗಳು ಒಂದೆರಡಲ್ಲ. ಅಂಚು, ಸೆರಗು, ಕರೆ, ದಡಿ ಎಂಬಿವು ಎಲ್ಲರೂ ಬಲ್ಲ ಮಾತುಗಳು. ಇವುಗಳಲ್ಲಿ 'ಕರೆ' ಹೊಳೆಯ ದಡಕ್ಕೂ ಸಲ್ಲುತ್ತದೆ, ಬಟ್ಟೆಯ ಬದಿಗೂ ಸಲ್ಲುತ್ತದೆ. ಕಲಬುರಗಿ ಸೀಮೆಯ ಆಡುಮಾತಿನಲ್ಲಿ ಧೋತರಕ್ಕೂ ಸೀರೆಗೂ ಉದ್ದಕ್ಕೆ ನೇಯ್ದು ಬರುವ ಬಣ್ಣದ ಪಟ್ಟಿ 'ದಡಿ' ಎನಿಸಿಕೊಳ್ಳುತ್ತದೆ. ಸಂಸ್ಕೃತದಲ್ಲಿ 'ಅಂಚಲ' ಎಂದರೆ ವಸ್ತ್ರದ ತುದಿ. ತುದಿಯಲ್ಲಿ ನೇಯದೆ ಬಿಟ್ಟ ಎಳೆಗಳಿಗೆ ಅಮರಕೋಶವು 'ದಶಾ' ಎಂಬ ಬೇರೆಯ ಹೆಸರನ್ನೇ ಹೇಳುತ್ತದೆ. ಬದಿಯ ಅಂಚು ಬೇರೆ, ತುದಿಯ ಅಂಚು ಬೇರೆ ಎಂಬ ತಿಳಿವಳಿಕೆ ನಿಘಂಟುಕಾರರಿಗೂ ಇತ್ತೆಂಬುದಕ್ಕೆ ಇದು ಸಾಕ್ಷಿ. ಪ್ರಸ್ತುತ ಲೇಖನದ ವಿಷಯವೆಲ್ಲ ಈ ಭೇದದ ಮೇಲೆಯೇ ನಿಂತಿದೆ.

ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು ಹಾಸು. ಲಾಳಿಯೊಡನೆ ಅಡ್ಡಲಾಗಿ ಓಡಾಡುವ ನೂಲು ಹೊಕ್ಕು. 'ಹಾಸುಹೊಕ್ಕು' ಎಂಬ ನುಡಿಗಟ್ಟು ದಿನಬಳಕೆಯಲ್ಲಿ ಎಷ್ಟು ಸವೆದಿದೆಯೆಂದರೆ ಅದರ ಮೂಲ ಮಗ್ಗದಲ್ಲಿದೆಯೆಂಬುದು ಆಡುವವರ ನೆನಪಿಗೆ ಬರುವುದೇ ಇಲ್ಲ. ಹೊಕ್ಕಿನ ಎಳೆ ಬಟ್ಟೆಯ ಬದಿಗೆ ಬಂದಾಗ ಅಲ್ಲಿ ಕಡಿದುಹೋಗುವುದಿಲ್ಲ. ಕೊನೆಯ ಹಾಸನ್ನು ಬಳಸಿ ಹಿಂದಿರುಗುತ್ತದೆ. ಹೀಗೆ ಮತ್ತೆ ಮತ್ತೆ ಹಿಂದಿರುಗುವುದರಿಂದಲೇ ದಡಿಯ ಬದಿ ಬಿಚ್ಚಿಕೊಳ್ಳುವುದಿಲ್ಲ. ಸೀರೆಯ ಉದ್ದದ ಎರಡು ಬದಿಗಳಿಗೆ ಹೊಲಿಗೆಯ ಅಗತ್ಯವೇ ಬೀಳದಿರುವುದು ಇದೇ ಕಾರಣಕ್ಕೆ. ಆದರೆ ಮಗ್ಗದಿಂದ ಇಳಿಸುವಾಗ ಕತ್ತರಿಸಿದ ಎರಡು ತುದಿಗಳಲ್ಲಿ ಹಾಸಿನ ಎಳೆಗಳು ಕಡಿದುಹೋಗಿರುತ್ತವೆ. ಅಲ್ಲಿ ಹೊಕ್ಕನ್ನು ಹಿಡಿದು ನಿಲ್ಲಿಸುವ ಶಕ್ತಿ ಯಾವುದೂ ಇಲ್ಲ. ಒಂದು ಎಳೆ ಜಾರಿದರೆ ಮುಂದಿನದಕ್ಕೆ ದಾರಿಯಾಯಿತು. (ಲಾಳಿಯಿಲ್ಲದ ಇಂದಿನ ವಿದ್ಯುತ್ ಮಗ್ಗಗಳಲ್ಲಿ ಹಲವು ಹೊಕ್ಕನ್ನು ಪ್ರತಿ ಸಲವೂ ಬದಿಯಲ್ಲಿ ಕತ್ತರಿಸುತ್ತವೆ. ಅಂಥ ಬಟ್ಟೆಯ ಉದ್ದದ ಬದಿಯನ್ನೂ ನಂಬುವಂತಿಲ್ಲ. ಕೊಳ್ಳುವಾಗ ಬೆರಳಾಡಿಸಿ ನೋಡುವುದು ಲೇಸು.)

ಕಡಿದ ತುದಿಯನ್ನು ಕಾಯಲು ಹಿಂದಿನವರು ಕಂಡುಕೊಂಡ ಉಪಾಯ ಎರಡು. ಎಳೆಗಳನ್ನು ಹುರಿಗೊಳಿಸಿ ಗಂಟಿಕ್ಕಿ ಕುಚ್ಚು ಕಟ್ಟುವುದು ಒಂದು. ತುದಿಯನ್ನು ಮಡಚಿ ಸೂಜಿಯಿಂದ ಹೊಲಿಯುವುದು ಇನ್ನೊಂದು. ದಪ್ಪ ನೂಲಿನ ಬಟ್ಟೆಗೆ ಎರಡೂ ಸುಲಭ. ಬಟ್ಟೆ ತೆಳುವಾದಷ್ಟೂ ಎರಡೂ ಕಠಿಣ.

ಅಂಚಿನ ಗಟ್ಟಿತನ ಕೇವಲ ಚೆಲುವಿನ ಮಾತಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿಗಳ ಮನೆಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಉಡಿ ತುಂಬುವ ಪದ್ಧತಿಯನ್ನು ನೆನೆಯಬಹುದು. ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅಡಿಕೆ, ಅರಿಷಿಣದ ಕೊಂಬು, ಕುಪ್ಪಸದ ಖಣ ಇವೆಲ್ಲವನ್ನೂ ಆಕೆ ಒಡ್ಡಿದ ಸೆರಗಿನಲ್ಲಿ ಇರಿಸುತ್ತಾರೆ. ಇಳಕಲ್ಲಿನ ಸೀರೆಯಾದರೆ ಆ ಭಾರವನ್ನು ಲೆಕ್ಕಕ್ಕೆ ತರುವುದಿಲ್ಲ. ಅದರ ಒಡಲಿಗೂ ಸೆರಗಿಗೂ ಎಳೆಗೆ ಎಳೆಯನ್ನು 'ಕೊಂಡಿ' ಹಾಕಿ ಜೋಡಿಸಿರುತ್ತಾರೆ. ಆದರೆ ಇಂದು ಉಡುವುದು ಬಹುಪಾಲು ಜಾರ್ಜೆಟ್ಟು, ಶಿಫಾನು. ಅವುಗಳ ತುದಿಯಲ್ಲಿ ಇರುವ ಆಧಾರವೆಲ್ಲ ಪೇಟೆಯಲ್ಲಿ ಯಾರೋ ಹಾಕಿಕೊಟ್ಟ ದಾರದಗಲದ ಒಂದು ಹೊಲಿಗೆ. ಅದು ಸರಿಯಾಗಿರದಿದ್ದರೆ ಸೆರಗಿನ ಕೊನೆ ಮೂರೇ ಒಗೆತಕ್ಕೆ ನಾರುನಾರಾಗುತ್ತದೆ.

ಹೊಲಿಗೆಯ ಕಸುಬಿಗೆ ಈ ನಾಡಿನಲ್ಲಿ ದೀರ್ಘ ಪರಂಪರೆಯಿದೆ. ಹೊಲಿ ಎಂಬ ಧಾತು ಅಚ್ಚಗನ್ನಡದ್ದು. ಅದರ ಹಳಗನ್ನಡ ರೂಪ ಪೊಲಿ. ಸೂಜಿಯಾದರೋ ಸಂಸ್ಕೃತದ 'ಸೂಚಿ'ಯ ತದ್ಭವ. ಹೊಲಿಯುವವನಿಗೆ ಅಮರಕೋಶದಲ್ಲಿ ತುನ್ನವಾಯ, ಸೌಚಿಕ ಎಂಬ ಹೆಸರುಗಳಿವೆ. ಕನ್ನಡದಲ್ಲಿ ಚಿಪ್ಪಿಗ, ಸಿಂಪಿಗ ಎಂಬ ಹೆಸರುಗಳಿವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವನೊಬ್ಬನಿದ್ದನು. ಕಾಯಕವೇ ಅವನ ಹೆಸರಿನ ಮೊದಲರ್ಧವಾಗಿ ನಿಂತಿದೆ. ನೂಲುವ ಕಾಯಕದ ಕದಿರ ರೆಮ್ಮವ್ವೆ, ನೇಯುವ ಕಾಯಕದ ಜೇಡರ ದಾಸಿಮಯ್ಯ, ಒಗೆಯುವ ಕಾಯಕದ ಮಡಿವಾಳ ಮಾಚಯ್ಯ ಇವರೊಡನೆ ರಾಮಿತಂದೆಯನ್ನು ಇರಿಸಿ ನೋಡಿದರೆ ನೂಲಿನಿಂದ ಮಡಿಯವರೆಗೆ ವಸ್ತ್ರದ ಬಾಳೆಲ್ಲ ಶರಣರ ಕೈಯಲ್ಲಿಯೇ ನಡೆದಂತೆ ತೋರುತ್ತದೆ. ದಾಸಿಮಯ್ಯನ ಊರಾದ ಮುದನೂರು ಇಂದಿನ ಯಾದಗಿರಿ ಜಿಲ್ಲೆಗೆ ಸೇರಿದ್ದು, ಈ ಭಾಗದವರಿಗೆ ದೂರದ್ದಲ್ಲ. ತಾನು ಬಹುಕಾಲ ನೇಯ್ದ ವಸ್ತ್ರವನ್ನು ಜಂಗಮರೂಪದ ಶಿವನಿಗೆ ಅರ್ಪಿಸಿ ಅವನು ತವನಿಧಿಯನ್ನು ಪಡೆದ ಕಥೆಯನ್ನು ಪುರಾಣ ಪ್ರವಚನಗಳಲ್ಲಿ ಕೇಳದವರು ವಿರಳ.

ಆದರೆ ಹೊಲಿಗೆಯ ಅಂಗಡಿಯೊಳಗೆ ಕಾಲಿಟ್ಟರೆ ಕೇಳಿಬರುವ ಮಾತು ಬೇರೆ. ದರ್ಜಿ, ಕಾಜು, ಅಸ್ತರು, ಗೋಟು, ತುರ್ಪಾಯಿ, ಉರೇಬು ಇವೆಲ್ಲ ಉರ್ದುವಿನ ದಾರಿಯಿಂದ ಬಂದವು. 1948ರ ಸೆಪ್ಟೆಂಬರಿನವರೆಗೆ ಈ ಸೀಮೆ ನಿಜಾಮನ ಆಳ್ವಿಕೆಯಲ್ಲಿದ್ದುದು ಇದಕ್ಕೆ ಒಂದು ಕಾರಣ. ಅದಕ್ಕೂ ಮಿಗಿಲಾದ ಕಾರಣವೆಂದರೆ ಮೈಗೆ ಕತ್ತರಿಸಿ ಹೊಲಿಯುವ ಅಂಗಿ, ಶೇರವಾನಿ, ಪಾಯಿಜಾಮೆಗಳ ಕೌಶಲವು ಇಲ್ಲಿ ಆ ಭಾಷೆಯವರ ಕೈಯಲ್ಲಿ ಬೆಳೆದದ್ದು. ಈ ಪದಗಳನ್ನು ಹೊರಗಟ್ಟಿ ಹೊಸ ಸಂಸ್ಕೃತಪದಗಳನ್ನು ತರುವ ಹವ್ಯಾಸ ಅನಾವಶ್ಯಕ. ಕಸುಬಿನವನು ಬಾಯಲ್ಲಿ ಸವೆಸಿದ ಮಾತು ಪಂಡಿತನು ಕಟ್ಟಿದ ಮಾತಿಗಿಂತ ಕೈಗೆ ಹತ್ತಿರವಿರುತ್ತದೆ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿ ಘಟಿಕಾಸ್ಥಾನವಿತ್ತೆಂದೂ ಅಲ್ಲಿ ವೇದಶಾಸ್ತ್ರಗಳ ಬೋಧನೆ ನಡೆಯುತ್ತಿತ್ತೆಂದೂ ಶಾಸನವು ಹೇಳುತ್ತದೆ. ಕೈಕಸುಬಿನ ಪಾಠಕ್ಕಾದರೋ ಶಾಸನವಿಲ್ಲ; ಅದು ಅಂಗಡಿಯ ಜಗುಲಿಯಲ್ಲಿ ತಂದೆಯಿಂದ ಮಗನಿಗೆ, ಉಸ್ತಾದನಿಂದ ಶಾಗಿರ್ದನಿಗೆ ಸಾಗಿಬಂದಿತು. ಹೆಣ್ಣುಮಕ್ಕಳು ಆ ಜಗುಲಿಯನ್ನೇರುವಂತಿರಲಿಲ್ಲ. ಶಾಲೆಗಳಲ್ಲಿ ಹೊಲಿಗೆಯ ತರಗತಿಗಳು ಏರ್ಪಟ್ಟಾಗ ಮಾತ್ರ ಆ ವಿದ್ಯೆ ಅವರಿಗೆ ದೊರೆಯಿತು. ಆದ್ದರಿಂದ ಶಾಲೆಯ ಪಾಠವು ಜಗುಲಿಯ ಪಾಠಕ್ಕಿಂತ ಸಡಿಲವಾಗಿರಬಾರದು.

ತೆಳುವಸ್ತ್ರವೂ ದಖ್ಖನಿಗೆ ಹೊಸದಲ್ಲ. ಕ್ರಿಸ್ತಶಕದ ಮೊದಲ ಶತಮಾನದ ಗ್ರೀಕ್ ನಾವಿಕನೊಬ್ಬನ ಬರಹವಾದ 'ಪೆರಿಪ್ಲಸ್' ಗ್ರಂಥದಲ್ಲಿ ತಗರ ಎಂಬ ಪಟ್ಟಣದಿಂದ ಬಗೆಬಗೆಯ ನಯವಾದ ಹತ್ತಿಬಟ್ಟೆಗಳು ಭರುಕಚ್ಛದ ರೇವಿಗೆ ಹೋಗುತ್ತಿದ್ದುವೆಂಬ ಮಾತಿದೆ. ತಗರವೆಂದರೆ ಇಂದಿನ ಮಹಾರಾಷ್ಟ್ರದ ತೇರ್. ಸುಮಾರು 851ರಲ್ಲಿ ರಚಿತವಾದ, ಸುಲೈಮಾನನ ಹೆಸರಿನಲ್ಲಿ ಪ್ರಸಿದ್ಧವಾದ ಅರಬ್ಬೀ ವೃತ್ತಾಂತವು ಭಾರತದ ಅರಸರಲ್ಲೆಲ್ಲ 'ಬಲ್ಹರಾ' ಹಿರಿಯನೆನ್ನುತ್ತದೆ. ಬಲ್ಹರಾ ಎಂದರೆ ವಲ್ಲಭರಾಜ. ಆಗ ಸೇಡಂ ತಾಲೂಕಿನ ಮಳಖೇಡದಲ್ಲಿ, ಅಂದರೆ ಮಾನ್ಯಖೇಟದಲ್ಲಿ, ಆಳುತ್ತಿದ್ದವನು ಅಮೋಘವರ್ಷ ನೃಪತುಂಗ. ಉಂಗುರದೊಳಗೆ ನುಸುಳುವಷ್ಟು ನವುರಾದ ಹತ್ತಿಬಟ್ಟೆಯ ಪ್ರಸ್ತಾಪವೂ ಅದೇ ಗ್ರಂಥದಲ್ಲಿದೆ. ಅಭಿಮಾನದ ಭರದಲ್ಲಿ ಆ ಬಟ್ಟೆಯನ್ನು ಮಾನ್ಯಖೇಟದ್ದೆನ್ನಲು ಬರುವುದಿಲ್ಲ. ಅದು 'ರುಹ್ಮಿ' ಎಂಬ ಬೇರೊಂದು ರಾಜ್ಯದ್ದು. ವಿದ್ವಾಂಸರು ಅದನ್ನು ವಂಗದೇಶವೆಂದು ಗುರುತಿಸುತ್ತಾರೆ. ಈ ಭಾಗದ ಕರಿನೆಲದ ಹತ್ತಿ ಹೆಚ್ಚಾಗಿ ಗಟ್ಟಿ ಬಟ್ಟೆಗೆ ಒದಗಿತು. ಕಲಬುರಗಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಏರ್ಪಟ್ಟು ಈಗ ಮುಚ್ಚಿಹೋಗಿರುವ ಮಹಬೂಬ ಶಾಹಿ ಗಿರಣಿಯ ಹೆಸರು ಇಂದು ಒಂದು ಬಡಾವಣೆಯ ಹೆಸರಾಗಿ ಉಳಿದಿದೆ. ಚಿತ್ತಾಪುರ ಚಿಂಚೋಳಿಗಳ ತಾಂಡಾಗಳ ಲಂಬಾಣಿ ಹೆಂಗಸರ ಹೊಲಿಗೆಯೂ ದಪ್ಪ ಬಟ್ಟೆಗೆ ದಪ್ಪ ದಾರ, ಕನ್ನಡಿ, ನಾಣ್ಯಗಳನ್ನು ಕೂಡಿಸಿ ಅಂಚನ್ನು ಭಾರಗೊಳಿಸುವ ಬಗೆಯದು. ತೆಳುವಸ್ತ್ರದ ಅಂಚು ಕೇಳುವುದು ಇದಕ್ಕೆ ತೀರ ವಿರುದ್ಧವಾದುದನ್ನು. ಅಂಚು ಗಟ್ಟಿಯಾಗಬೇಕು, ಆದರೆ ಭಾರವಾಗಬಾರದು.

ಇದನ್ನು ಕೈಯಿಂದ ಸಾಧಿಸುವ ಕ್ರಮ ಹಳೆಯದು, ಇಂದಿಗೂ ಮೇಲಾದದ್ದು. ಕತ್ತರಿಸಿದ ಬದಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸೆದು ಬತ್ತಿಯಂತೆ ಸುರುಳಿಮಾಡಿ, ಸುರುಳಿಯ ಬುಡದಲ್ಲಿ ಬಟ್ಟೆಯ ಒಂದೇ ಎಳೆಯನ್ನು ಸೂಜಿಯ ಮೊನೆಗೆ ಸಿಕ್ಕಿಸಿ, ದಾರವನ್ನು ಸುರುಳಿಯೊಳಗೆ ಸಾಗಿಸಿ, ಮತ್ತೆ ಒಂದು ಎಳೆಯನ್ನು ಹಿಡಿಯಬೇಕು. ಬದಿಯಿಂದ ಮೂರು ಮಿಲಿಮೀಟರಿನಷ್ಟು ಒಳಗೆ ಮೊದಲೇ ಒಂದು ಸಾಲು ಹೊಲಿಗೆ ಹಾಕಿ, ಅದರ ಹೊರಗಿನ ಬಟ್ಟೆಯನ್ನು ಕತ್ತರಿಸಿ ತೆಗೆದು, ಆ ಸಾಲಿನ ಮೇಲೆಯೇ ಸುರುಳಿ ಹೊಸೆದರೆ ಕಲಿಯುವವರ ಕೈಗೂ ಹದ ಸಿಗುತ್ತದೆ. ಹೊರಮೈಯಲ್ಲಿ ಹೊಲಿಗೆ ಕಾಣುವುದೇ ಇಲ್ಲ. ತಾಳ್ಮೆಯೊಂದೇ ಇದಕ್ಕೆ ತಗಲುವ ಬೆಲೆ. ಆದರೆ ಹಬ್ಬದ ಮುನ್ನಾದಿನ ಇಪ್ಪತ್ತು ಸೀರೆಗಳು ಬಂದು ಬಿದ್ದ ಅಂಗಡಿಯಲ್ಲಿ ಆ ಬೆಲೆಯನ್ನು ಕೊಡುವವರು ಯಾರು?

ಆದಕಾರಣ ಯಂತ್ರ ಬಂದಿತು. ವಾಡಿ, ಶಹಾಬಾದದ ಬಜಾರುಗಳಲ್ಲಿ 'ಫಾಲ್, ಪೀಕೋ' ಎಂಬ ಹಲಗೆಗಳು ಕಾಣುತ್ತವೆ. ಪೀಕೋ ಎಂಬುದು ಫ್ರೆಂಚರ ಪದ. ಮೂಲದಲ್ಲಿ ಅಂಚಿನ ಸಣ್ಣ ಕುಣಿಕೆಗಳ ಅಲಂಕಾರಕ್ಕೆ ಆ ಹೆಸರು. ನಮ್ಮಲ್ಲಿ ಅದರ ಅರ್ಥ ಬದಲಾಗಿ, ಸೀರೆಯ ತುದಿಯನ್ನು ಸುರುಳಿಸಿ ಅದರ ಮೇಲೆ ಅಡ್ಡಡ್ಡ ಒತ್ತೊತ್ತಾಗಿ ಹೊಲಿಯುವುದಕ್ಕೆ ಹೆಸರಾಗಿದೆ. ಪೀಕೋ ಯಂತ್ರ ಬಟ್ಟೆಯನ್ನು ಕತ್ತರಿಸುವುದಿಲ್ಲ. ಸೂಜಿ ಎಡಬಲಕ್ಕೆ ಆಡುತ್ತದೆ, ಪಾದದ ಸುರುಳಿಬಾಯಿ ಬದಿಯನ್ನು ಮಡಿಸಿ ಕೊಡುತ್ತದೆ.

ಓವರ್‌ಲಾಕ್ ಯಂತ್ರದ ಬಗೆ ಬೇರೆ. ಪೇಟೆಯಲ್ಲಿ ಇದನ್ನು ಇಂಟರ್‌ಲಾಕ್ ಎಂದೂ ಕರೆಯುವುದುಂಟು. ಅಮೆರಿಕೆಯ ಕನೆಕ್ಟಿಕಟ್ ಪ್ರಾಂತದ ಮೆರೋ ಕುಟುಂಬದವರು ತಮ್ಮ ಹೆಣಿಗೆಯ ಕಾರ್ಖಾನೆಯ ಅಗತ್ಯಕ್ಕಾಗಿ 1880ರ ದಶಕದಲ್ಲಿ ಇದನ್ನು ರೂಪಿಸಿದರು. ಮನೆಯಲ್ಲಿ ಬಳಸಬಹುದಾದ ಚಿಕ್ಕ ರೂಪ 1960ರ ದಶಕದಲ್ಲಿ ಜಪಾನಿನಿಂದ ಹೊರಬಂದಿತು. ಇದಕ್ಕೆ ಬಾಬಿನ್ನಿಲ್ಲ. ಸೂಜಿಯ ದಾರದೊಡನೆ ಮೇಲಿನ ಲೂಪರು, ಕೆಳಗಿನ ಲೂಪರು ಎಂಬ ಎರಡು ಕೊಕ್ಕೆಗಳು ತಮ್ಮ ತಮ್ಮ ದಾರಗಳನ್ನು ಬಟ್ಟೆಯ ಬದಿಯ ಸುತ್ತ ಹೆಣೆಯುತ್ತವೆ. ಹೊಲಿಗೆಗೆ ತುಸು ಮುಂದೆ ಒಂದು ಜೊತೆ ಬ್ಲೇಡುಗಳು ಬದಿಯನ್ನು ಸಮನಾಗಿ ಕತ್ತರಿಸುತ್ತ ಹೋಗುತ್ತವೆ. ಕಾರ್ಖಾನೆಯ ಯಂತ್ರವಾದರೆ ನಿಮಿಷಕ್ಕೆ 5,000ಕ್ಕೂ ಮಿಕ್ಕು ಹೊಲಿಗೆ ಹಾಕಬಲ್ಲುದು. ಇಲ್ಲಿಯೇ ಅಪಾಯವೂ ಇದೆ. ಸಾಮಾನ್ಯ ಯಂತ್ರದಲ್ಲಿ ತಪ್ಪಿದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಬಹುದು. ಓವರ್‌ಲಾಕಿನಲ್ಲಿ ಬ್ಲೇಡು ಕತ್ತರಿಸಿದ ಬಟ್ಟೆ ಹಿಂದಿರುಗುವುದಿಲ್ಲ. ಸೀರೆ ಗಿರಾಕಿಯದು, ಸಾವಿರಾರು ರೂಪಾಯಿಯದು. ಅಂಚಿಗೆ ದೊರೆಯುವ ಮಜೂರಿ ಅಲ್ಪ. ಹೊಸದಾಗಿ ಕಸುಬಿಗಿಳಿದ ಹೆಣ್ಣುಮಗಳು ಒಂದು ಸೀರೆಯ ಸೆರಗನ್ನು ಕೆಡಿಸಿದರೆ ತಿಂಗಳ ದುಡಿಮೆಯೊಡನೆ ಓಣಿಯ ನಂಬಿಕೆಯೂ ಹೋಗುತ್ತದೆ.

ತೆಳುಬಟ್ಟೆಯ ಅಂಚನ್ನು ಈ ಯಂತ್ರ ಸುರುಳಿಸುವ ಗುಟ್ಟನ್ನು ಅರಿಯುವುದು ಅವಶ್ಯ. ಹೊಲಿಗೆಯ ತಟ್ಟೆಯ ಮೇಲೆ ಕಡ್ಡಿಯಂಥ ಒಂದು ನಾಲಗೆ ಇರುತ್ತದೆ. ದಾರಗಳು ಮೊದಲು ಅದರ ಸುತ್ತ ಹೆಣೆದುಕೊಂಡು ಆಮೇಲೆ ಹಿಂದಕ್ಕೆ ಜಾರುತ್ತವೆ. ನಾಲಗೆ ಅಗಲವಾಗಿದ್ದಾಗ ಬಟ್ಟೆ ಚಪ್ಪಟೆಯಾಗಿ ಉಳಿಯುತ್ತದೆ. ಅದನ್ನು ಹಿಂದೆ ಸರಿಸಿದರೆ ಅಥವಾ ಕಿರಿದಾದದ್ದನ್ನು ಹಾಕಿದರೆ, ಸೂಜಿಗೂ ಬ್ಲೇಡಿಗೂ ನಡುವಿನ ಬಟ್ಟೆಗೆ ಚಪ್ಪಟೆಯಾಗಿರಲು ಎಡೆಯಿಲ್ಲವಾಗುತ್ತದೆ. ಆಗ ಕೆಳಗಿನ ಲೂಪರಿನ ದಾರವನ್ನು ಬಿಗಿಗೊಳಿಸಿ ಮೇಲಿನದನ್ನು ಸಡಿಲಿಸಬೇಕು. ಬಿಗಿಯಾದ ದಾರವು ಸಡಿಲಾದ ದಾರವನ್ನು ಅಂಚಿನ ಮೇಲಿಂದ ಬಳಸಿ ಕೆಳಕ್ಕೆ ಎಳೆಯುತ್ತದೆ. ಅದರೊಡನೆ ಬಟ್ಟೆಯ ಬದಿಯೂ ಒಳಮುಖವಾಗಿ ಸುರುಳಿಗೊಳ್ಳುತ್ತದೆ. ಬೆರಳುಗಳು ಹೊಸೆಯುತ್ತಿದ್ದ ಸುರುಳಿಯೇ ಇದು. ಸುರುಳಿಯಾದ ಬಟ್ಟೆಯನ್ನು ಮೇಲಿನ ದಾರ ಪೂರ್ಣವಾಗಿ ಹೊದೆಯುತ್ತದೆ, ಕೆಳಗಿನದು ಒಳಮೈಯಲ್ಲಿ ನೆಟ್ಟಗಿನ ಗೆರೆಯಂತೆ ಉಳಿಯುತ್ತದೆ.

ಇದಕ್ಕೆ ಮೂರು ದಾರ ಸಾಕು. ನಾಲ್ಕು ದಾರದ ಮನೆಯಂತ್ರಗಳಲ್ಲಿ ಸಾಮಾನ್ಯವಾಗಿ ಎಡಗಡೆಯ ಸೂಜಿಯನ್ನು ತೆಗೆದು ಬಲಗಡೆಯದನ್ನು ಮಾತ್ರ ಉಳಿಸುತ್ತಾರೆ. ಸೂಜಿ 9 ಅಥವಾ 11ನೆಯ ಅಂಕದ್ದಾಗಿರಬೇಕು. ಅಂಗಡಿಯ ಯಂತ್ರಗಳಲ್ಲಿ ಸದಾ ಇರುವ 14, 16ರ ಸೂಜಿಗಳು ಶಿಫಾನಿನಲ್ಲಿ ಕಣ್ಣಿಗೆ ಕಾಣುವ ರಂಧ್ರಗಳನ್ನು ಬಿಡುತ್ತವೆ, ಎಳೆಗಳನ್ನು ಸೆಳೆದು ಗೆರೆಯೆಬ್ಬಿಸುತ್ತವೆ. ಹೊಲಿಗೆಯ ಅಗಲ ಒಂದೂವರೆಯಿಂದ ಎರಡು ಮಿಲಿಮೀಟರು. ಉದ್ದ ಒಂದರಿಂದ ಎರಡು. ದಾರ ನವುರಾದ ಪಾಲಿಯೆಸ್ಟರಾಗಿರಲಿ. ಮೇಲಿನ ಲೂಪರಿಗೆ ಉಣ್ಣೆಯಂತೆ ಉಬ್ಬುವ ನೈಲಾನ್ ದಾರ ಹಾಕಿದರೆ ಅಂಚು ತುಂಬಿಬರುತ್ತದೆ, ಆದರೆ ಆ ಅಂಚಿನ ಮೇಲೆ ಕಾದ ಇಸ್ತ್ರಿ ಇಡಬಾರದು, ದಾರ ಕರಗುತ್ತದೆ.

ಬಟ್ಟೆ ಸುಕ್ಕುಗಟ್ಟುವುದು ಎಲ್ಲರ ದೂರು. ಅದರ ಕಾರಣ ಪಾದದ ಕೆಳಗಿನ ಹಲ್ಲುಗಳಲ್ಲಿದೆ. ಓವರ್‌ಲಾಕಿನಲ್ಲಿ ಹಲ್ಲುಗಳ ಎರಡು ಸಾಲುಗಳಿವೆ. ಮುಂದಿನ ಸಾಲು ಬಟ್ಟೆಯನ್ನು ಒಳಕ್ಕೆ ನೂಕುತ್ತದೆ, ಹಿಂದಿನದು ಹೊರಕ್ಕೆ ಒಯ್ಯುತ್ತದೆ. ಡಿಫರೆನ್ಷಿಯಲ್ ಎಂಬ ತಿರುಗುಣಿಯಿಂದ ಇವೆರಡರ ವೇಗದ ಪ್ರಮಾಣವನ್ನು ಬದಲಿಸಬಹುದು. ಅಂಕ 1ರಲ್ಲಿದ್ದರೆ ಎರಡೂ ಸಮ. 0.7ರ ಕಡೆಗೆ ಇಳಿಸಿದರೆ ಹಿಂದಿನ ಸಾಲು ಹೆಚ್ಚು ಎಳೆಯುವುದರಿಂದ ಬಟ್ಟೆ ತುಸು ಹಿಗ್ಗಿ ಸುಕ್ಕು ಅಳಿಯುತ್ತದೆ. 1ಕ್ಕಿಂತ ಮೇಲೇರಿಸಿದರೆ ಬಟ್ಟೆ ಒಟ್ಟುಗೂಡುತ್ತದೆ. ಓರೆಯಾಗಿ ಕತ್ತರಿಸಿದ ಅಂಚು ಅಲೆಯಲೆಯಾಗಿ ಹಿಗ್ಗುವಾಗ ಇದೇ ಮದ್ದು. ಈ ಸೂಕ್ಷ್ಮ ತಿಳಿಯದವರು ಸುಕ್ಕು ಕಂಡೊಡನೆ ಬಟ್ಟೆಯನ್ನು ಹಿಂದಿನಿಂದ ಕೈಯಲ್ಲಿ ಜಗ್ಗುತ್ತಾರೆ. ಸೂಜಿ ಬಾಗಿ ಲೂಪರಿಗೆ ತಗಲಿ ಮುರಿಯುವುದು ಬಹುಮಟ್ಟಿಗೆ ಇದರಿಂದಲೇ.

ಇನ್ನೊಂದು ದೋಷ ಇದಕ್ಕಿಂತ ಕೆಟ್ಟದ್ದು, ಏಕೆಂದರೆ ಅಂಗಡಿಯಲ್ಲಿ ಅದು ಕಾಣುವುದಿಲ್ಲ. ಹೊಲಿದಾಗ ರೇಷ್ಮೆಯ ಹುರಿಯಂತೆ ಹೊಳೆಯುವ ಅಂಚು ಮನೆಗೆ ಹೋದ ಮೇಲೆ ಬಟ್ಟೆಯಿಂದ ಕಳಚಿ ಲಾಡಿಯಂತೆ ಉದ್ದಕ್ಕೆ ಬಂದುಬಿಡುತ್ತದೆ. ಉಡಿಯ ಭಾರಕ್ಕೆ ಸೋಲುವುದು ಇಂಥ ಅಂಚೇ. ಹೊಲಿಗೆ ಚೆನ್ನಾಗಿ ಕಾಣಲೆಂದು ಉದ್ದವನ್ನು ಅತಿಯಾಗಿ ಕಿರಿದು ಮಾಡಿದಾಗ ಸೂಜಿಯ ತೂತುಗಳು ಒತ್ತೊತ್ತಾಗಿ ಬಿದ್ದು, ಅಂಚೆಚೀಟಿಯ ಹಾಳೆಯಂತೆ ಬಟ್ಟೆ ಆ ಸಾಲಿನಲ್ಲೇ ಹರಿಯುತ್ತದೆ. ಸಡಿಲ ನೇಯ್ಗೆಯಲ್ಲಾದರೆ ಸೂಜಿ ಹಿಡಿದ ನಾಲ್ಕಾರು ಎಳೆಗಳೇ ಜಾರಿಹೋಗುತ್ತವೆ. ಪರಿಹಾರವೆಂದರೆ ಹೊಲಿಗೆಯ ಉದ್ದವನ್ನು ಎರಡು ಮಿಲಿಮೀಟರಿಗೋ ತುಸು ಹೆಚ್ಚಿಗೋ ಏರಿಸಿ, ಅಗಲವನ್ನೂ ಒಂದಿಷ್ಟು ಹೆಚ್ಚಿಸುವುದು. ಸೂಜಿ ಅಂಚಿನಿಂದ ಒಳಗೆ ಸರಿದಷ್ಟೂ ಹಿಡಿಯುವ ಎಳೆಗಳ ಸಂಖ್ಯೆ ಹೆಚ್ಚುತ್ತದೆ. ಹೊಳಪು ಒಂದಿಷ್ಟು ಕುಂದಿದರೂ ಸೆರಗು ಬಾಳುತ್ತದೆ. ಗಿರಾಕಿಗೆ ಇದನ್ನು ತಿಳಿಸಿಹೇಳುವುದೂ ಕಸುಬಿನ ಭಾಗವೇ.

ಅಂಚಿನಿಂದ ಮೀಸೆಗಳಂತೆ ಎಳೆಗಳು ಹೊರಚಾಚುವುದು ಮೂರನೆಯ ದೋಷ. ಕಾರಣ ಎರಡಿರಬಹುದು. ಬ್ಲೇಡು ಮೊಂಡಾಗಿರಬಹುದು, ಇಲ್ಲವೆ ಕತ್ತರಿಸಲು ಬಟ್ಟೆಯನ್ನೇ ಬಿಟ್ಟಿರದಿರಬಹುದು. ಕನಿಷ್ಠ ಐದಾರು ಮಿಲಿಮೀಟರು ಹೆಚ್ಚಿನ ಬಟ್ಟೆ ಬಿಟ್ಟು ಬ್ಲೇಡಿಗೆ ಕೆಲಸ ಕೊಟ್ಟರೆ ಅದು ಹೊಸ ಅಂಚನ್ನು ತೆಗೆಯುತ್ತದೆ, ಆ ಅಂಚು ನಾರಾಗುವ ಮೊದಲೇ ದಾರ ಅದನ್ನು ಹೊದೆಯುತ್ತದೆ. ಉಳಿತಾಯದ ಬುದ್ಧಿಯಿಂದ ಬಟ್ಟೆಯ ಬದಿಯನ್ನು ಬ್ಲೇಡಿಗೆ ತಾಗದಂತೆ ಹಿಡಿಯುವವರು ಹೆಚ್ಚು ಬಟ್ಟೆಯನ್ನೇ ಕಳೆದುಕೊಳ್ಳುತ್ತಾರೆ.

ಊರಿನ ನೆಲ ಹವೆಗಳ ವಿಚಾರವೂ ಇಲ್ಲಿ ಸಲ್ಲುತ್ತದೆ. ಶಹಾಬಾದ ಕಲ್ಲಿನ ಫರಸಿ ಈ ಊರುಗಳ ಮನೆಮನೆಗಳಲ್ಲಿದೆ. ಸಮತಟ್ಟಾಗಿರುವುದರಿಂದ ಅದರ ಮೇಲೆಯೇ ಬಟ್ಟೆ ಹಾಸಿ ಕತ್ತರಿಸುವುದು ರೂಢಿ. ಒರಟು ಖಾದಿಗೆ ಅದು ಸರಿ. ಪಾಲಿಶು ಮಾಡಿದ ಕಲ್ಲಿನ ಮೇಲೆ ಜಾರ್ಜೆಟ್ಟು ನೀರಿನಂತೆ ಹರಿಯುತ್ತದೆ, ಕತ್ತರಿ ನೇರವಾಗಿ ಹೋದರೂ ಗೆರೆ ಸೊಟ್ಟಾಗುತ್ತದೆ. ಕೆಳಗೆ ಹಳೆಯ ಹತ್ತಿಯ ಚಾದರನ್ನು ಹಾಸಿ, ಅದರ ಮೇಲೆ ಬಟ್ಟೆಯನ್ನು ಹರಡಿ, ಹೊಕ್ಕಿನ ಒಂದು ಎಳೆಯನ್ನು ಸೆಳೆದು ತೆಗೆದರೆ ಅಲ್ಲಿ ಮೂಡುವ ಗೆರೆಯೇ ತಪ್ಪದ ಅಳತೆಗೋಲು. ಅತಿ ನುಣುಪಾದ ಬಟ್ಟೆಯನ್ನು ಬದಿಯಲ್ಲಿ ಮಾತ್ರ ತಿಳಿಗಂಜಿಯಲ್ಲಿ ಅದ್ದಿ ಒಣಗಿಸಿಕೊಂಡರೆ ಯಂತ್ರದಲ್ಲಿ ಕಾಗದದಂತೆ ನಿಲ್ಲುತ್ತದೆ. ಒಗೆದಾಗ ಗಂಜಿ ಬಿಟ್ಟುಹೋಗುತ್ತದೆ. ನೀರು ತಾಗಿದರೆ ಕಲೆಯಾಗುವ ರೇಷ್ಮೆಗೆ ಈ ಉಪಾಯ ಸಲ್ಲದು. ಅದಕ್ಕೆ ಅಡಿಯಲ್ಲಿ ತೆಳುಕಾಗದದ ಪಟ್ಟಿಯಿಟ್ಟು ಹೊಲಿದು ಆಮೇಲೆ ಹರಿದು ತೆಗೆಯಬೇಕು. ವಾಡಿ, ಸೇಡಂ, ಮಳಖೇಡಗಳು ಸಿಮೆಂಟಿನ ಊರುಗಳು. ಕಲ್ಲುಗಣಿಯ ಧೂಳು, ಸಿಮೆಂಟಿನ ಧೂಳು ಬ್ಲೇಡು ಕತ್ತರಿಸಿದ ನಾರಿನೊಡನೆ ಬೆರೆತು, ಎಣ್ಣೆಯ ಜಿಡ್ಡಿಗೆ ಅಂಟಿ, ಲೂಪರುಗಳ ಸುತ್ತ ಮೆತ್ತಿಕೊಳ್ಳುತ್ತದೆ. ದಿನವೂ ಸಂಜೆ ಕುಂಚದಿಂದ ಅದನ್ನು ತೆಗೆದು, ಮರುದಿನ ಮೊದಲ ಹೊಲಿಗೆಯನ್ನು ಚಿಂದಿಯ ಮೇಲೆ ಹಾಕಬೇಕು. ಎಣ್ಣೆಯ ಮೊದಲ ಹನಿ ಗಿರಾಕಿಯ ಬಿಳಿ ಶಿಫಾನಿನ ಮೇಲೆ ಬೀಳಬಾರದು.

ಪಾಠದ ಕ್ರಮದ ಬಗ್ಗೆ ಒಂದೆರಡು ಮಾತು. ಯಂತ್ರಗಳಿಗೆ ನೆರವು ಇಂದು ದೊರೆಯುತ್ತದೆ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕಸುಬೂ ಸೇರಿದ್ದು, ಉಪಕರಣಕ್ಕೆ 15,000 ರೂಪಾಯಿವರೆಗಿನ ಸಹಾಯಕ್ಕೆ ಅವಕಾಶವಿದೆ. ದಾನಿಗಳೂ ಉದಾರವಾಗಿ ಯಂತ್ರಗಳನ್ನು ಕೊಡುತ್ತಾರೆ. ಆದರೆ ಎಲ್ಲ ಓವರ್‌ಲಾಕ್ ಯಂತ್ರಗಳಲ್ಲಿಯೂ ನಾಲಗೆಯನ್ನು ಸರಿಸುವ ಸೌಕರ್ಯವಾಗಲಿ ಡಿಫರೆನ್ಷಿಯಲ್ ಆಗಲಿ ಇರುವುದಿಲ್ಲ. ಕೊಡುವವರು ಕೊಳ್ಳುವ ಮುನ್ನ ಇವೆರಡನ್ನು ಕೇಳಿ ತಿಳಿಯುವುದು ಒಳ್ಳೆಯದು. ಯಂತ್ರದೊಡನೆ ಬರುವ ಕೈಪಿಡಿ ಇಂಗ್ಲಿಷಿನಲ್ಲಿದ್ದರೆ ದಾರದ ಬಿಗಿತ ಒಮ್ಮೆ ತಪ್ಪಿದ ಮೇಲೆ ಅದನ್ನು ಸರಿಪಡಿಸಲಾರದೆ ಯಂತ್ರಕ್ಕೆ ಹೊದಿಕೆ ಹಾಕಿ ಮೂಲೆಗೆ ಸರಿಸುವುದೊಂದೇ ದಾರಿಯಾಗುತ್ತದೆ. ಶಿಕ್ಷಕಿಯರು ಕೈಪಿಡಿಯ ಸಾರವನ್ನು ಕನ್ನಡದಲ್ಲಿ ಬರೆದು ಯಂತ್ರದ ಪಕ್ಕದ ಗೋಡೆಗೆ ಅಂಟಿಸುವುದು ದೊಡ್ಡ ಶ್ರಮವಲ್ಲ, ಅದರ ಫಲ ದೊಡ್ಡದು.

ಬಿಗಿತವನ್ನು ಕಲಿಸಲು ಅತ್ಯಂತ ಸುಲಭವಾದ ವಿಧಾನ ಬಣ್ಣದ್ದು. ಸೂಜಿಗೆ ಕೆಂಪು, ಮೇಲಿನ ಲೂಪರಿಗೆ ಬಿಳಿ, ಕೆಳಗಿನದಕ್ಕೆ ಕಪ್ಪು ದಾರ ಹಾಕಿ ಹಸಿರು ಬಟ್ಟೆಯ ಮೇಲೆ ಹೊಲಿಯಬೇಕು. ಅಂಚು ಸರಿಯಾಗಿದ್ದರೆ ಹೊರಮೈಯಲ್ಲಿ ಬಿಳುಪೇ ಎದ್ದು ಕಾಣುತ್ತದೆ. ಒಳಮೈಯಲ್ಲಿ ಬಿಳುಪಿನ ಬದಿಗೆ ಕಪ್ಪಿನ ಒಂದು ಗೆರೆ ಮಾತ್ರ. ಅಂಚಿನಲ್ಲಿ ಕಪ್ಪು ಕುಣಿಕೆಗಳು ಇಣುಕಿದರೆ ಕೆಳಗಿನ ದಾರ ಸಡಿಲವಾಗಿದೆ ಎಂದರ್ಥ. ಒಳಮೈಯಲ್ಲಿ ಕೆಂಪು ಕುಣಿಕೆಗಳು ಬಿಟ್ಟುಕೊಂಡರೆ ಸೂಜಿಯ ದಾರವನ್ನು ಬಿಗಿಯಬೇಕು. ಯಾವ ದೋಷ ಯಾವ ದಾರದ್ದೆಂದು ವಿದ್ಯಾರ್ಥಿನಿ ತನ್ನ ಕಣ್ಣಿನಿಂದಲೇ ಓದಲು ಕಲಿಯುತ್ತಾಳೆ. ಗಿರಾಕಿಯ ಬಟ್ಟೆ ಬಂದಾಗಲೂ ಅದೇ ಜಾತಿಯ ಬಟ್ಟೆಯ ಮೂರು ಪಟ್ಟಿಗಳ ಮೇಲೆ, ಹಾಸಿನ ಉದ್ದಕ್ಕೆ ಒಂದು, ಹೊಕ್ಕಿನ ಉದ್ದಕ್ಕೆ ಒಂದು, ಓರೆಗೆ ಒಂದು ಎಂಬಂತೆ, ಮೊದಲು ಪರೀಕ್ಷಿಸಿ ನೋಡುವ ಅಭ್ಯಾಸವಾಗಬೇಕು. ಒಂದೇ ಬಟ್ಟೆ ಈ ಮೂರು ದಿಕ್ಕುಗಳಲ್ಲಿ ಮೂರು ಬಗೆಯಾಗಿ ನಡೆದುಕೊಳ್ಳುತ್ತದೆ. ಸೀರೆಯ ತುದಿಯಲ್ಲಿ ಹೊಲಿಗೆ ಹೊಕ್ಕಿನ ಉದ್ದಕ್ಕೆ ಸಾಗುತ್ತದೆ. ಆದ್ದರಿಂದ ಹಾಸಿನ ದಿಕ್ಕಿನಲ್ಲಿ ಹೊಂದಿಸಿದ ಬಿಗಿತ ಅಲ್ಲಿ ಸಾಲದು.

ಕೊನೆಯದಾಗಿ ಹೊಲಿಗೆಯ ಬಾಲ. ಓವರ್‌ಲಾಕಿನಲ್ಲಿ ಹಿಂದು ಮುಂದಾಗಿ ಹೊಲಿದು ಗಂಟಿಕ್ಕಲು ಬರುವುದಿಲ್ಲ. ಬಟ್ಟೆ ಮುಗಿದ ಮೇಲೂ ದಾರಗಳು ತಮ್ಮಷ್ಟಕ್ಕೆ ಹೆಣೆದುಕೊಂಡು ಸರಪಳಿಯಾಗಿ ಹೊರಬರುತ್ತವೆ. ಅವಸರದಲ್ಲಿ ಅದನ್ನು ಬುಡಕ್ಕೇ ಕತ್ತರಿಸಿದರೆ ಅಷ್ಟು ಜತನದಿಂದ ಹಾಕಿದ ಅಂಚು ಅಲ್ಲಿಂದಲೇ ಬಿಚ್ಚತೊಡಗುತ್ತದೆ. ನಾಲ್ಕು ಬೆರಳಿನಷ್ಟು ಸರಪಳಿ ಬಿಟ್ಟು ಕತ್ತರಿಸಿ, ಅದನ್ನು ಅಗಲ ಕಣ್ಣಿನ ದಪ್ಪ ಸೂಜಿಗೆ ಪೋಣಿಸಿ, ಸೂಜಿಯ ಮೊಂಡು ತುದಿಯನ್ನು ಮುಂದೆ ಮಾಡಿ, ಸುರುಳಿಯ ದಾರಗಳ ಅಡಿಯಲ್ಲಿ ಎರಡು ಬೆರಳಷ್ಟು ದೂರ ನುಗ್ಗಿಸಿ ಎಳೆದು, ಉಳಿದುದನ್ನು ಕತ್ತರಿಸಬೇಕು. ಸೀರೆಯ ಎರಡು ತುದಿಗಳಿಗೆ ಇಂಥ ಬಾಲಗಳು ನಾಲ್ಕು.